ಸಂಪಾದಕಿಯರು ಮೊದಲು, ವರದಿಗಾರ್ತಿಯರು ಆಮೇಲೆ

ಕನ್ನಡ ಪತ್ರಿಕೋದ್ಯಮಕ್ಕೆ ಮಹಿಳೆಯರು ವರದಿಗಾರಿಕೆಯಿಂದಲ್ಲ, ಸಂಪಾದಕತ್ವದಿಂದಲೇ ಪ್ರವೇಶಿಸಿದರೆಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಅಂದಿನ ಪರಿಸ್ಥಿತಿಯಲ್ಲಿ ಅದಕ್ಕೆ ಕಾರಣವಿತ್ತು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ಮುಂದೆ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನು ಹೊರತಂದ ನಂಜನಗೂಡು ತಿರುಮಲಾಂಬಾ ಅವರೂ, 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯರಾಗಿದ್ದು, ಹೆಣ್ಣುಮಕ್ಕಳಿಗೆ ಪತ್ರಿಕಾ ಕಚೇರಿಯ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ ಬರೆಯಬೇಕೆಂದರೆ ಪತ್ರಿಕೆಯನ್ನೇ ಕಟ್ಟಬೇಕಾಗಿತ್ತು. ಅದು ಕೇವಲ ಲೇಖನ ಆರಿಸುವ ಕೆಲಸವಾಗಿರಲಿಲ್ಲ. ಕರಡಚ್ಚನ್ನು, ಅಂದರೆ ಅಂತಿಮ ಮುದ್ರಣಕ್ಕೆ ಮುನ್ನ ತಪ್ಪು ತಿದ್ದಲೆಂದು ತೆಗೆಯುವ ಪ್ರತಿಯನ್ನು, ಸಾಲುಸಾಲಾಗಿ ನೋಡಿ, ಕಾಗದದ ಹಣ ಹೊಂದಿಸಿ, ಚಂದಾ ಬಾಕಿ ವಸೂಲು ಮಾಡಿ (ಈ ಕಷ್ಟ ಯಾವ ಸಂಪಾದಕರನ್ನೂ ಬಿಟ್ಟಿದ್ದಲ್ಲ), ಸಂಚಿಕೆಯನ್ನು ಅಂಚೆಗೆ ಹಾಕುವವರೆಗಿನ ಹೊಣೆ ಅದರಲ್ಲಿ ಅಡಗಿತ್ತು. ಮುಂದೆ ದೈನಿಕಗಳು ಮಹಿಳೆಯರನ್ನು ನೇಮಿಸಿಕೊಳ್ಳತೊಡಗಿದಾಗ ಅವರ ಪಾಲಿಗೆ ಬಹುಮಟ್ಟಿಗೆ ಬಂದದ್ದು ಪುರವಣಿಯ ಪುಟಗಳು; ರಾಜಕೀಯ, ಅಪರಾಧಗಳಂಥ ‘ಬೀಟ್’, ಎಂದರೆ ವರದಿಗಾರರಿಗೆ ಗೊತ್ತುಪಡಿಸಿದ ಸುದ್ದಿಕ್ಷೇತ್ರ, ದೊರೆತದ್ದು ತಡವಾಗಿ. ತಿಂಗಳ ಸಂಬಳ ಖಚಿತವಾಯಿತಾದರೂ, ಮುಖಪುಟಕ್ಕೆ ಯಾವ ಸುದ್ದಿ ಎಂದು ತೀರ್ಮಾನಿಸುವ ಅಧಿಕಾರ, ಕಲ್ಯಾಣಮ್ಮನವರಿಗೆ ಸಹಜವಾಗಿಯೇ ಇದ್ದದ್ದು, ಆ ಸಂಬಳದ ಜೊತೆಗೆ ಬರಲಿಲ್ಲ.