ಸೀಟಿ ಹಿಡಿದ ಮೇಷ್ಟ್ರು

ಶಾಲಾ ಕ್ರೀಡಾಕೂಟ ಬಂತೆಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ದೈಹಿಕ ಶಿಕ್ಷಕರಿಗೆ ಪುರುಸೊತ್ತಿಲ್ಲ. ಬೆಳಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವರೂ ಅವರೇ, ಆಮೇಲೆ ಸೀಟಿ ಹಿಡಿದು ಅಂಪೈರ್ ಆಗುವವರೂ ಅವರೇ.

ಖೋ ಖೋ ನೋಡಿ. 8 ಮಕ್ಕಳು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಸಾಲಾಗಿ ಕೂತಿರುತ್ತಾರೆ. ಬೆನ್ನು ಮುಟ್ಟಿ 'ಖೋ' ಅಂದದ್ದು ಮೊದಲೋ, ಕೂತವಳು ಎದ್ದದ್ದು ಮೊದಲೋ? ಮೊದಲೇ ಎದ್ದರೆ ಫೌಲ್. ಕಣ್ಣು ಕಾಲಿನ ಮೇಲೆ, ಕಿವಿ ದನಿಯ ಮೇಲೆ ಇರಬೇಕು. ಸುತ್ತ ನಿಂತವರ ಕೂಗಾಟದಲ್ಲಿ ಇದು ನಿಜಕ್ಕೂ ಕಷ್ಟದ ಕೆಲಸ.

ಶಾಲಾ ಕ್ರೀಡೆಗಳಲ್ಲಿ ಸಾಫ್ಟ್‌ಬಾಲ್, ಬೇಸ್‌ಬಾಲ್ ಕೂಡ ಇವೆ. ಅಲ್ಲಿ ಮುಖ್ಯ ಅಂಪೈರ್ ನಿಲ್ಲುವುದು ಕ್ಯಾಚರ್ ಬೆನ್ನ ಹಿಂದೆ. ಚೆಂಡು ಎಷ್ಟು ಎತ್ತರದಲ್ಲಿ ಬಂದರೆ ಸ್ಟ್ರೈಕ್ (ಹೊಡೆಯಬಹುದಾದ ಸರಿಯಾದ ಎಸೆತ) ಎಂಬುದಕ್ಕೆ ಗೆರೆಯಿಲ್ಲ, ಬ್ಯಾಟ್ ಹಿಡಿದ ಮಗುವಿನ ಮೈಯೇ ಅಳತೆ. ಗಿಡ್ಡ ಹುಡುಗನಿಗೆ ತೀರಾ ಮೇಲಾದ ಚೆಂಡು ಉದ್ದನೆಯವನಿಗೆ ಸ್ಟ್ರೈಕ್ ಆದೀತು. ಪ್ರತಿ ಮಗುವಿಗೂ ಲೆಕ್ಕ ಹೊಸದು.

ಇತ್ತ ಖೋ ಖೋ ಅಂಕಣದಲ್ಲಿ ಔಟಾದ ಹುಡುಗಿ, "ಗೆರಿ ದಾಟಿಲ್ರೀ ಸರ್" ಎಂದು ಕಣ್ಣೀರು ಹಾಕುತ್ತಾಳೆ. ಒಳ್ಳೆಯ ಅಂಪೈರ್ ಗದರುವುದಿಲ್ಲ. ಮಂಡಿಯೂರಿ ಕೂತು, ಸುಣ್ಣದಾಚೆ ಮೂಡಿದ ಎರಡೂ ಪಾದದ ಗುರುತನ್ನು ಬೆರಳಿಟ್ಟು ತೋರಿಸುತ್ತಾರೆ.