ಕಛೇರಿಯ ಕುರ್ಚಿಗೂ ಜೀರ್ಣೋದ್ಧಾರ

ಜೀರ್ಣವಾದುದನ್ನು ಮೇಲೆತ್ತುವುದೇ ಜೀರ್ಣೋದ್ಧಾರವು. ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಹಳೆಯದನ್ನು ಉಳಿಸುವುದರಿಂದ ಪುಣ್ಯವು ಹೆಚ್ಚೆಂದು ನಮ್ಮ ಹಿರಿಯರು ಎಣಿಸಿದರು. ಗುಡಿಗೂ ಕೆರೆಗೂ ಸಲ್ಲುವ ಈ ಮಾತು ಕುಳಿತುಕೊಳ್ಳುವ ಕುರ್ಚಿಗೂ ಬರೆಯುವ ಮೇಜಿಗೂ ಸಲ್ಲಬಾರದೇಕೆ?

ಚಂಡೀಗಢದ ವೃತ್ತಾಂತವನ್ನು ನೋಡಿರಿ. 1951ರಿಂದ ಆ ನಗರದ ನಿರ್ಮಾಣದಲ್ಲಿ ದುಡಿದ ಸ್ವಿಜರ್ಲೆಂಡಿನ ವಾಸ್ತುಶಿಲ್ಪಿ ಪಿಯರ್ ಜಾನೆರೆಯವರು ತಮ್ಮ ಸಂಗಡಿಗರೊಡನೆ ಅಲ್ಲಿಯ ಕಛೇರಿಗಳಿಗಾಗಿ ತೇಗದ ಮರದ, ಬೆತ್ತ ಹೆಣೆದ ಕುರ್ಚಿಗಳನ್ನು ಯೋಜಿಸಿದರು. ನಮ್ಮ ದೇಶದ ಬಡಗಿಗಳೇ ಅವನ್ನು ಮಾಡಿದರು. ಕೆಲವು ದಶಕಗಳು ಕಳೆಯಲು ಬೆತ್ತವು ಹರಿಯಿತು, ಕೀಲು ಸಡಿಲಿತು. ಅಧಿಕಾರಿಗಳು ಅವನ್ನು ರಾಶಿಹಾಕಿ ಗುಜರಿಯ ಬೆಲೆಗೆ ಹರಾಜು ಮಾಡಿದರು. ಕೊಂಡ ಪರದೇಶದ ವರ್ತಕರು ಬೆತ್ತವನ್ನು ಹೊಸದಾಗಿ ಹೆಣೆಯಿಸಿ, ಮರಕ್ಕೆ ಹೊಳಪು ಕೊಡಿಸಿ, ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಇವನ್ನು ಹೊರದೇಶಕ್ಕೆ ಸಾಗಿಸಕೂಡದೆಂದು ಕೇಂದ್ರ ಗೃಹ ಸಚಿವಾಲಯವು 2011ರಲ್ಲಿ ಆಜ್ಞೆ ಹೊರಡಿಸುವಷ್ಟರಲ್ಲಿ ಎಷ್ಟೋ ಕುರ್ಚಿಗಳು ಕಡಲು ದಾಟಿದ್ದುವು.

ಬೆಲೆಯ ಮಾತು ಹಾಗಿರಲಿ. ಆ ಕುರ್ಚಿಗಳು ಪುನರ್ಜನ್ಮ ಪಡೆದ ಬಗೆಯೇ ವಿಚಾರಮಾಡತಕ್ಕುದು. ಅದರಲ್ಲಿ ಸವೆಯುವ ಬೆತ್ತವು ಬೇರೆ, ಬಾಳುವ ಚೌಕಟ್ಟು ಬೇರೆ. ಒಂದನ್ನು ಕೆಡಿಸದೆ ಮತ್ತೊಂದನ್ನು ಬದಲಿಸಬಹುದು. ಗಟ್ಟಿ ಮರವಾದುದರಿಂದ ಸಡಿಲಿದ ಕೀಲನ್ನು ಬಿಚ್ಚಿ ಮತ್ತೆ ಬಿಗಿಯಬಹುದು. ಈಗ ಕಛೇರಿಗಳಲ್ಲಿ ಕಾಣುವ ಮೇಜುಗಳಲ್ಲಿ ಅನೇಕವು ಮರದ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯಿಂದಾದುವು. ನೀರು ತಾಕಿದರೆ ಆ ಹಲಗೆಯು ಉಬ್ಬುವುದು. ಒಮ್ಮೆ ಕಿತ್ತುಬಂದ ತಿರುಪು ಅದೇ ತೂತಿನಲ್ಲಿ ಮತ್ತೆ ಭದ್ರವಾಗಿ ಕಚ್ಚದು. ಎಂಥ ಕುಶಲನಾದ ಬಡಗಿಯೂ ಅಲ್ಲಿ ಕೈಚೆಲ್ಲುವನು.

ವಸ್ತುವು ಗಟ್ಟಿಯಾಗಿದ್ದರೂ ಸಾಲದು. ನಾವು ಪಾಠ ಹೇಳಿದ ಶಾಲೆಯೊಂದರಲ್ಲಿ ಕಾಲು ಅಲುಗಿದ ಬೀಟೆಯ ಮೇಜನ್ನು ‘ನಿರುಪಯುಕ್ತ’ವೆಂದು ಬರೆದು ಹೊರಹಾಕಿದರು. ಬಡಗಿಯ ಅರ್ಧ ದಿನದ ಕೂಲಿ ಅದಕ್ಕೆ ಸಾಕಾಗಿತ್ತು. ಆದರೆ ಹೊಸ ಮೇಜಿಗೆ ಮಂಜೂರಾದ ಹಣವು ಹಳೆಯದರ ದುರಸ್ತಿಗೆ ಸಲ್ಲದಂತೆ! ಹೀಗೆ ಕೆಲಸ ತಪ್ಪಿದ ಮೇಲೆ ಬೆತ್ತ ಹೆಣೆಯುವವನು ತನ್ನ ಮಗನಿಗೆ ಆ ವಿದ್ಯೆಯನ್ನೇಕೆ ಕಲಿಸುವನು? ಮೇಜು ಹೋದರೆ ಇನ್ನೊಂದನ್ನು ತರಬಹುದು. ಕೈ ಮರೆತ ವಿದ್ಯೆಯನ್ನು ಯಾವ ಹರಾಜಿನಲ್ಲಿ ಕೊಳ್ಳುವುದು?

ಆದುದರಿಂದ ಮನೆಗಾಗಲಿ ಕಛೇರಿಗಾಗಲಿ ಸಾಮಾನು ಕೊಳ್ಳುವವರು ಬೆಲೆಯೊಡನೆ ಮೂರು ಮಾತುಗಳನ್ನು ಕೇಳತಕ್ಕುದು: ಇದರಲ್ಲಿ ಮೊದಲು ಸವೆಯುವ ಭಾಗ ಯಾವುದು? ಅದೊಂದನ್ನೇ ಬಿಚ್ಚಿ ಬದಲಿಸಬಹುದೆ? ಬದಲಿಸಿಕೊಡುವವನು ನಮ್ಮ ಊರಿನಲ್ಲಿರುವನೆ? ಇರುವನಾದರೆ, ಅವನಿಗೆ ಈ ವರ್ಷವೇ ಒಂದು ಕೆಲಸ ಕೊಡಿರಿ.