ಸಮನಾದ ಅಳತೆಯ ಶ್ರವಣ

ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯ ಧ್ವನಿವರ್ಧಕಗಳು ಗೃಹಸ್ಥ ಶ್ರಾವಕನಿಗೆ ತಕ್ಕ ವಸ್ತುವೇ ಎಂದು ನಮ್ಮ ಮನೆಯವರು ಕೇಳಿದರು. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮರಳಿ ಮರಳಿ ಅನುಭವಿಸಬಹುದಾದುದು ಉಪಭೋಗ ಎಂದು ವಿಂಗಡಿಸಿ, ಎರಡಕ್ಕೂ ಪರಿಮಾಣವನ್ನು ಹಾಕಿಕೊಳ್ಳುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಗುಣವ್ರತವೆಂದು ಹೇಳಿದ್ದಾರೆ. ಸಂಗೀತ ಶ್ರವಣ ನಮ್ಮ ಮನೆಯಲ್ಲಿ ನಿತ್ಯದ ಉಪಭೋಗ. ಆದುದರಿಂದ ಎರಡು ಲಕ್ಷ ರೂಪಾಯಿಗಳ ಮಿತಿಯನ್ನು ಮೊದಲೇ ಬರೆದಿಟ್ಟು, ಅನಂತರ ಅಂಗಡಿಗೆ ಹೋದೆನು. ಈ ಕ್ರಮ ತಿರುವುಮುರುವಾದರೆ ಮಿತಿಯೇ ಬೆಲೆಪಟ್ಟಿಯ ಹಿಂದೆ ನಡೆಯತೊಡಗುತ್ತದೆ.

ಅಂಗಡಿಯವರು ಎರಡು ಜೋಡಿಗಳನ್ನು ಒಂದಾದ ಮೇಲೊಂದು ನುಡಿಸಿದರು. ಶಬ್ದದ ಗುಂಡಿಯನ್ನು ಮಾತ್ರ ಇದ್ದಲ್ಲಿಯೇ ಬಿಟ್ಟಿದ್ದರು. ನೋಡುವವರಿಗೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ಸ್ಪೀಕರುಗಳ ಸಂವೇದನೆ ಒಂದೇ ಆಗಿರುವುದಿಲ್ಲ. ಅಷ್ಟೇ ವಿದ್ಯುತ್ ಒತ್ತಡಕ್ಕೆ ಒಂದು ಮೀಟರ್ ದೂರದಲ್ಲಿ ಒಂದು 84 ಡೆಸಿಬೆಲ್ ಕೊಟ್ಟರೆ ಮತ್ತೊಂದು 90 ಕೊಡಬಹುದು. ಆರು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ಇಷ್ಟು ಅಂತರವಿದ್ದರೆ ಯಾರಿಗಾದರೂ ತಿಳಿದೀತು. ಅಪಾಯವಿರುವುದು ಒಂದು ಡೆಸಿಬೆಲ್‌ನಷ್ಟು ಸಣ್ಣ ಅಂತರದಲ್ಲಿ. ಅದನ್ನು ಕಿವಿಯು ಹೆಚ್ಚಿದ ಸದ್ದೆಂದು ಗುರುತಿಸದೆ ಹೆಚ್ಚಿದ ಗುಣವೆಂದು ಭ್ರಮಿಸುವುದುಂಟು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಎಂದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಎಣಿಸಿದೆ. ದಿನಸಿ ಅಂಗಡಿಯ ಸೇರು, ಪಾವು, ತಕ್ಕಡಿಗಳಿಗಷ್ಟೇ ಈ ಮಾತು ಸಲ್ಲುವುದೆಂದು ನಾವು ಭಾವಿಸಿಕೊಂಡಿದ್ದೇವೆ. ಆ ಅಂಗಡಿಯವರು ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳಲಾರೆ. ಬೇಕೆಂದೇ ಮಾಡುವುದು ಎಷ್ಟು ಸುಲಭವೆಂದಷ್ಟೇ ಹೇಳುತ್ತೇನೆ.

ಕಿವಿಗಿಂತ ಕಣ್ಣಿನ ಮೋಸ ದೊಡ್ಡದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಬಹುಕಾಲ ದುಡಿದಿದ್ದ ಫ್ಲಾಯ್ಡ್ ಟೂಲ್ ಅವರು ಶಾನ್ ಆಲಿವ್ ಅವರೊಡನೆ 1994ರಲ್ಲಿ ಒಂದು ಪರೀಕ್ಷೆಯ ವರದಿಯನ್ನು ಮಂಡಿಸಿದರು. ಅದೇ ಕೇಳುಗರು ಅದೇ ಸ್ಪೀಕರುಗಳನ್ನು ಒಮ್ಮೆ ಪರದೆಯ ಮರೆಯಲ್ಲಿ, ಒಮ್ಮೆ ಕಣ್ಣೆದುರಿಗೆ ಇಟ್ಟುಕೊಂಡು ಕೇಳಿದರು. ಕಂಡಾಗ ಕೊಟ್ಟ ಅಂಕಗಳೇ ಬೇರೆಯಾದವು. ಪರಿಗ್ರಹ ಪರಿಮಾಣದ ಐದು ಅತಿಚಾರಗಳಲ್ಲಿ ಸಮಂತಭದ್ರರು ವಿಸ್ಮಯವನ್ನೂ ಸೇರಿಸಿದ್ದೇಕೆ ಎಂಬುದು ನನಗೆ ಮನವರಿಕೆಯಾದದ್ದು, ಹೊಳಪಿನ ಮರದ ಆಳೆತ್ತರದ ಪೆಟ್ಟಿಗೆಗಳ ನಡುವೆ ಮೆತ್ತನೆಯ ಕುರ್ಚಿಯಲ್ಲಿ ಕುಳಿತಾಗ.

ಅಂಗಡಿಯ ಕೊಠಡಿಗೆ ಕಂಬಳಿ, ಪರದೆಗಳ ಹೊದಿಕೆ. ನಮ್ಮ ಪಡಸಾಲೆಗೆ ಗ್ರಾನೈಟ್ ನೆಲ. ಹದಿನಾಲ್ಕು ಅಡಿ ಉದ್ದದ ನಮ್ಮ ಪಡಸಾಲೆಯಲ್ಲಿ 40 ಹರ್ಟ್ಸ್ ಆಸುಪಾಸಿನ ಮಂದ್ರಧ್ವನಿ ಎದುರುಬದಿರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ಮೊರೆಯುತ್ತದೆ, ನಟ್ಟನಡುವೆ ಬಹುಮಟ್ಟಿಗೆ ಮಾಯವಾಗುತ್ತದೆ. ಅಂಗಡಿಯಲ್ಲಿ ಎಷ್ಟು ಹೊತ್ತು ಕೇಳಿದರೂ ಇದು ತಿಳಿಯುವಂತಿಲ್ಲ. (ಬಸದಿಯ ಸಭಾಮಂಟಪಕ್ಕೆ ಧ್ವನಿವರ್ಧಕ ಕೊಳ್ಳುವ ಟ್ರಸ್ಟಿನವರು ಜನ ತುಂಬಿದ ದಿನವೇ ಪರೀಕ್ಷಿಸುವುದು ಒಳ್ಳೆಯದು, ಬರಿದಾದ ಮಂಟಪದ ಅನುರಣನವೇ ಬೇರೆ.) ಆದ್ದರಿಂದ ಮನೆಯಲ್ಲಿಯೇ ಕೇಳಬೇಕೆಂದು ನಿಶ್ಚಯಿಸಿದೆನು.

ಇಲ್ಲಿ ನನ್ನ ಸೋದರಳಿಯ ಒಂದು ಉಪಾಯವನ್ನು ಹೇಳಿದನು. ಬೇರೆ ಊರಿನ ಮಾರಾಟಗಾರನೊಬ್ಬ ಅದೇ ಜೋಡಿಯನ್ನು ಇಪ್ಪತ್ತನಾಲ್ಕು ಸಾವಿರ ಕಡಿಮೆಗೆ ಕೊಡುತ್ತಾನೆ. ಇಲ್ಲಿ ಕೇಳಿ ಅಲ್ಲಿ ತರಿಸಿದರಾಯಿತು. “ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ನೋಡಿ ಬರಿಗೈಯಲ್ಲಿ ಬಂದರೆ ಕಳ್ಳತನವೇ, ಮಾವ? ಉಳಿದ ಹಣವನ್ನು ಔಷಧದಾನಕ್ಕೆ ಕೊಡಿ” ಎಂದನು. ಮಾತು ತಳ್ಳಿಹಾಕುವಂಥದಲ್ಲ. ಕೊಳ್ಳುವ ಮನಸ್ಸಿನಿಂದ ನೋಡಿ, ಒಪ್ಪದೆ ಮರಳಿದರೆ ದೋಷವಿಲ್ಲ. ಅಂಗಡಿಯವರು ಆ ಸಂಭವಕ್ಕೆ ಒಪ್ಪಿಯೇ ಬಾಗಿಲು ತೆರೆದಿರುತ್ತಾರೆ. ಕೊಳ್ಳುವುದಿಲ್ಲವೆಂದು ಮನೆಯಲ್ಲಿಯೇ ತೀರ್ಮಾನಿಸಿ ಹೋದವನು ಅವರ ವೇಳೆಯನ್ನೂ ಕೊಠಡಿಯ ಬಾಡಿಗೆಯನ್ನೂ ಅವರು ಕೊಡದೆಯೇ ತೆಗೆದುಕೊಂಡಂತೆ. ಅದತ್ತಾದಾನವೆಂದರೆ ಅದೇ. ಅಲ್ಲಿ ಉಳಿದ ಹಣ ನನ್ನದಾಗಿದ್ದರಲ್ಲವೇ ದಾನದ ಮಾತು! ಅಳಿಯ ಇದನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ.

ಅಂಗಡಿಯವರಿಗೆ ನನ್ನ ಮಿತಿಯನ್ನೂ ಹೊರಊರಿನ ಬೆಲೆಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದೆನು. ಆ ಬೆಲೆಗೆ ಕೊಡುವುದು ತಮ್ಮಿಂದಾಗದೆಂದರು. ಎರಡು ಜೋಡಿಗಳನ್ನು ಮೂರು ದಿನ ನಮ್ಮ ಮನೆಯಲ್ಲಿ ಬಿಡುವುದಕ್ಕೆ ಮೂರು ಸಾವಿರ ರೂಪಾಯಿ, ಕೊಂಡರೆ ಅದನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು ಎಂದು ಮಾತಾಯಿತು. ಕೊಳ್ಳದಿದ್ದರೂ ಅವರ ಶ್ರಮ ಋಣವಾಗಿ ಉಳಿಯದು. ಮನೆಯಲ್ಲಿ ಮಗಳು ಪರದೆಯ ಹಿಂದೆ ನಿಂತು ಜೋಡಿಗಳನ್ನು ಬದಲಿಸುತ್ತಾಳೆ. ಮಾಪಕದಿಂದ ಎರಡರ ಸದ್ದನ್ನೂ ಸಮಗೊಳಿಸಿಯೇ ಆರಂಭ. ಮೊದಲ ದಿನ ಪ್ರತಿ ಜೋಡಿಯಿಂದ ಒಂದೊಂದೇ ಪೆಟ್ಟಿಗೆ, ಏಕೆಂದರೆ ಒಂಟಿಯಾಗಿ ನುಡಿದಾಗ ಸ್ಪೀಕರಿನ ದೋಷ ಬೇಗ ಬಯಲಾಗುತ್ತದೆ. ಅಂಗಡಿಯ ಮೆರುಗಿನ ತಟ್ಟೆಗಳು ಬೇಡ. ಮಲ್ಲಿಕಾರ್ಜುನ ಮನ್ಸೂರರ ಗಾಯನ, ಬರಿಯ ತಂಬೂರಿಯ ಶ್ರುತಿ, ಜೊತೆಗೆ ನಮ್ಮ ಮನೆಯವರು ಓದಿದ ನಾಲ್ಕು ಪುಟಗಳ ಧ್ವನಿಮುದ್ರಣ ಸಾಕು. ನಲವತ್ತು ವರ್ಷ ಕೇಳಿದ ಕಂಠದಲ್ಲಿ ಮೂಗುದನಿ ಬೆರೆತರೆ ನನಗೆ ತಿಳಿಯದಿರದು. ನನಗೀಗ ಅರವತ್ತೇಳು, ತಾರಸ್ವರದ ತುತ್ತತುದಿ ನನ್ನ ಕಿವಿಗೆ ಎಟುಕದು. ಆದ್ದರಿಂದ ಮನೆಯವರೂ ಅಂಕ ಹಾಕುತ್ತಾರೆ.

ಹೊರಡುವಾಗ ಅಂಗಡಿಯವರು ಮೂರು ಲಕ್ಷದ ಇನ್ನೊಂದು ಜೋಡಿಯನ್ನು “ಸುಮ್ಮನೆ ಕೇಳುವುದಕ್ಕೆ” ಕಳುಹಿಸಲೇ ಎಂದು ಕೇಳಿದರು. ಬೇಡವೆಂದೆನು. ಶನಿವಾರ ಎರಡೇ ಜೋಡಿ ಬರುತ್ತವೆ. ಪರದೆಗೆಂದು ಮನೆಯವರು ತೆಳುವಾದ ಹಳೆಯ ಹತ್ತಿಯ ಸೀರೆಯೊಂದನ್ನು ತೆಗೆದಿರಿಸಿದ್ದಾರೆ.